ಭೌತಶಾಸ್ತ್ರದ ಗುರುವೊಬ್ಬರು ಮತ್ತು ನಾಲ್ಕು ಭಾಷೆಗಳ ನೋಟುಬುಕ್ಕು



ಬೀದರ ನಗರಕ್ಕೆ ಬಂದವರು ತಪ್ಪದೆ ನೋಡಿ ಹೋಗುವ ಕಟ್ಟಡಗಳಲ್ಲಿ ಮಹಮೂದ್ ಗವಾನನ ಮದರಸಾ ಒಂದು. ಬಹಮನಿ ರಾಜ್ಯದ ಪ್ರಧಾನಮಂತ್ರಿಯಾಗಿದ್ದ ಗವಾನನು 1472ರಲ್ಲಿ ಇದನ್ನು ಕಟ್ಟಿಸಿದನು. ಮೂರು ಅಂತಸ್ತುಗಳ ಈ ವಿದ್ಯಾಮಂದಿರದ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಇತಿಹಾಸಕಾರರು ಬರೆದಿದ್ದಾರೆ. 1481ರಲ್ಲಿ ಶತ್ರುಗಳು ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನನು ಗವಾನನಿಗೆ ಮರಣದಂಡನೆ ವಿಧಿಸಿದನು. 17ನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ಕಟ್ಟಡದ ಒಂದು ಭಾಗ ಕುಸಿಯಿತು. ಇಂದು ಎರಡು ಮಿನಾರುಗಳಲ್ಲಿ ಒಂದು ಮಾತ್ರ ನಿಂತಿದೆ.

ಆ ಮಿನಾರಿನ ನೆರಳನ್ನು ದಾಟಿ ದಿನವೂ ಕಾಲೇಜಿಗೆ ಹೋಗುವ ಮಕ್ಕಳನ್ನು ಕಂಡಾಗ ನನಗೆ ಒಂದು ವಿಚಾರ ಹೊಳೆಯುತ್ತದೆ. ವಿದ್ಯೆ ಈ ಊರಿಗೆ ಹೊಸದಲ್ಲ, ಐದೂವರೆ ಶತಮಾನಗಳಿಂದ ಇದೆ. ಆದರೆ ಅದು ಬಂದಾಗಲೆಲ್ಲ ಮನೆಯ ಮಾತನ್ನು ಹೊರಗೆ ನಿಲ್ಲಿಸಿಯೇ ಬಂದಿತು. ಗವಾನನ ಕಾಲದಲ್ಲಿ ಅರಬ್ಬಿ ಮತ್ತು ಪಾರ್ಸಿ, ನಿಜಾಮರ ಕಾಲದಲ್ಲಿ ಉರ್ದು, ನಮ್ಮ ಕಾಲದಲ್ಲಿ ಇಂಗ್ಲಿಷು. ಇದು ಬರಿಯ ಇತಿಹಾಸದ ಸಂಗತಿಯೆಂದು ನಾನು ಬಹಳ ದಿನ ತಿಳಿದಿದ್ದೆ. 2006ರಲ್ಲಿ ಒಬ್ಬ ಭೌತಶಾಸ್ತ್ರದ ಉಪನ್ಯಾಸಕರು ನನ್ನ ತಿಳುವಳಿಕೆಯನ್ನು ತಿದ್ದಿದರು.

ಆಗ ನಾನು ಬೀದರಿನಲ್ಲಿ ಹುಡುಗರ ಒಂದು ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುತ್ತಿದ್ದೆ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಹಳ್ಳಿಗಳಿಂದ, ತಾಂಡಾಗಳಿಂದ ಬಂದ ಮಕ್ಕಳೇ ಅಲ್ಲಿ ಹೆಚ್ಚು. ಔರಾದ ಕಡೆಯ ತಾಂಡಾದ ಹುಡುಗನೊಬ್ಬ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದು ವಿಜ್ಞಾನ ವಿಭಾಗಕ್ಕೆ ಸೇರಿದ್ದ. ಮೊದಲ ಕಿರುಪರೀಕ್ಷೆಯಲ್ಲಿಯೇ ಭೌತಶಾಸ್ತ್ರದಲ್ಲಿ ಬಿದ್ದ. ಎರಡನೆಯದರಲ್ಲಿಯೂ ಬಿದ್ದ. “ಏನ್ ಹೇಳ್ಲತ್ತಾರ ಅಂಬೋದೇ ತಿಳಿವಲ್ದು, ಫಾದರ್” ಎಂದು ಅತ್ತ. ನಾನು ಅವನ ಮೇಲೆ ಕರುಣೆಯಿಂದಲೇ, ವಿಜ್ಞಾನ ನಿನಗೆ ಒಗ್ಗುವುದಿಲ್ಲ, ಕಲಾ ವಿಭಾಗಕ್ಕೆ ಹೋಗು ಎಂದು ಬುದ್ಧಿ ಹೇಳಿ, ವಿಭಾಗ ಬದಲಾವಣೆಯ ಅರ್ಜಿಗೆ ಸಹಿ ಹಾಕಿಕೊಟ್ಟೆ. ಹುಡುಗ ಅರ್ಜಿಯನ್ನು ಕಾಲೇಜಿಗೆ ಕೊಟ್ಟು, ಅಲ್ಲಿಂದ ಹಾಗೆಯೇ ಬಸ್ಸು ಹತ್ತಿ ಊರಿಗೆ ಹೊರಟುಹೋದ.

ಮರುದಿನ ಸಂಜೆ ಅವನ ಭೌತಶಾಸ್ತ್ರದ ಉಪನ್ಯಾಸಕರು ನನ್ನ ಕೋಣೆಯ ಬಾಗಿಲಿಗೆ ಬಂದರು. ಅವರು ನಮ್ಮ ಧರ್ಮಕೇಂದ್ರದವರಲ್ಲ, ನಮ್ಮ ಧರ್ಮದವರೂ ಅಲ್ಲ. ಕೈಯಲ್ಲಿ ಆ ಅರ್ಜಿ ಇತ್ತು. ಕುಳಿತವರು ಕೋಪ ಮಾಡಿಕೊಳ್ಳಲಿಲ್ಲ. “ಫಾದರ್, ನೀವು ಓದಿದ್ದು ಕನ್ನಡ ಶಾಲೆಯಲ್ಲವೇ? ಗುರುಮಠದಲ್ಲಿ ತತ್ವಶಾಸ್ತ್ರವನ್ನು ಯಾವ ಭಾಷೆಯಲ್ಲಿ ಕಲಿಸಿದರು?” ಎಂದು ಕೇಳಿದರು. ಇಂಗ್ಲಿಷಿನಲ್ಲಿ ಎಂದೆ. “ಮೊದಲ ವರ್ಷ ನಿಮ್ಮನ್ನು ದಾಟಿಸಿದವರು ಯಾರು?”

ನಾನು ಉತ್ತರ ಕೊಡಲಿಲ್ಲ. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿ ಊಟದ ನಂತರ ಅಂಗಳದಲ್ಲಿ ತಿರುಗಾಡುತ್ತ, ಬೆಳಗಿನ ಪಾಠವನ್ನು ಕನ್ನಡದಲ್ಲಿ ಮತ್ತೊಮ್ಮೆ ಹೇಳಿಕೊಡುತ್ತಿದ್ದ ವಯೋವೃದ್ಧ ಗುರುಗಳೊಬ್ಬರು ಇದ್ದರು. ಅವರು ಇಲ್ಲದಿದ್ದರೆ ನಾನು ಆ ವರ್ಷವೇ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಮರಳುತ್ತಿದ್ದೆ. ಇಪ್ಪತ್ತು ವರ್ಷಗಳಲ್ಲಿ ನಾನು ಅವರನ್ನು ಮರೆತೇ ಬಿಟ್ಟಿದ್ದೆ.

ಆ ಉಪನ್ಯಾಸಕರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗದು. ಆದರೆ ಅವರು ಕಲಿಸುತ್ತಿದ್ದ ರೀತಿಯನ್ನು ಹೇಳಲೇಬೇಕು. ಅದಕ್ಕಿಂತ ಮೊದಲು, ಅಂಥ ರೀತಿ ನಮ್ಮ ಜಿಲ್ಲೆಗೆ ಏಕೆ ಬೇಕಾಯಿತು ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಇಂಗ್ಲಿಷಿನ ಬದಲು ಭಾರತೀಯ ಭಾಷೆಯೊಂದರಲ್ಲಿ, ಅಂದರೆ ಉರ್ದುವಿನಲ್ಲಿ, ಎಲ್ಲ ಶಾಸ್ತ್ರಗಳನ್ನೂ ಕಲಿಸುವುದು ಅದರ ಧ್ಯೇಯವಾಗಿತ್ತು. ಅದಕ್ಕಾಗಿ ಒಂದು ಭಾಷಾಂತರ ಇಲಾಖೆಯನ್ನೇ ತೆರೆದರು. ಮೌಲವಿ ಅಬ್ದುಲ್ ಹಕ್ಕರಂಥ ವಿದ್ವಾಂಸರು ಅದನ್ನು ನಡೆಸಿದರು. ಅಲ್ಲಿ ಭೌತಶಾಸ್ತ್ರವು ‘ತಬೀಯಾತ್’ ಆಯಿತು, ಆಕರ್ಷಣೆಯು ‘ಕಶಿಶ್’ ಆಯಿತು. ಇದು ಸಣ್ಣ ಸಾಹಸವೇನೂ ಅಲ್ಲ. ದೇಶಭಾಷೆಯಲ್ಲಿ ಉನ್ನತ ವಿಜ್ಞಾನ ಸಾಧ್ಯವೇ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಅವರು ಮಾಡಿ ತೋರಿಸಿದರು, ಅದನ್ನು ಮೆಚ್ಚಲೇಬೇಕು.

ಆದರೆ ಬೀದರ ಜಿಲ್ಲೆಯ ಹಳ್ಳಿಯ ಮಗುವಿನ ಕಡೆಯಿಂದ ನೋಡಿರಿ. ಅದರ ಮನೆಯಲ್ಲಿ ಕನ್ನಡ, ಇಲ್ಲವೇ ಮರಾಠಿ, ಇಲ್ಲವೇ ತೆಲುಗು, ತಾಂಡಾದಲ್ಲಿ ಲಂಬಾಣಿ. ಪ್ರೌಢಶಾಲೆಗೆ ಹೋಗುವಷ್ಟು ಭಾಗ್ಯವಿದ್ದವನು ವಿಜ್ಞಾನವನ್ನು ಉರ್ದುವಿನಲ್ಲಿ ಕಲಿಯಬೇಕಾಗಿತ್ತು. ಇಂಗ್ಲಿಷು ದೂರದ ಭಾಷೆಯಾದರೆ ಅವನಿಗೆ ಶಾಸ್ತ್ರದ ಉರ್ದುವೂ ದೂರದ್ದೇ. ಬೀದಿಯಲ್ಲಿ ಕೇಳುವ ದಖನಿ ಬೇರೆ, ಪುಸ್ತಕದ ಉರ್ದು ಬೇರೆ.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿಯೂ ಇಂಥದೇ ಒಂದು ಪ್ರಯತ್ನ ನಡೆದಿತ್ತೆಂಬುದು ಸ್ವಾರಸ್ಯಕರ. ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ಹಿಂದೆ ರಾಜಾಶ್ರಯವಾಗಲಿ ಭಾಷಾಂತರ ಇಲಾಖೆಯಾಗಲಿ ಇರಲಿಲ್ಲ. ಪತ್ರಿಕೆ ಎರಡು ವರ್ಷಗಳಷ್ಟೇ ನಡೆಯಿತು. ಹಳಗನ್ನಡ ಕಾವ್ಯಗಳ ಸಂಪಾದನೆಯಲ್ಲಿಯೂ ನಿಘಂಟಿನ ಕೆಲಸದಲ್ಲಿಯೂ ಹೆಸರಾದ ಈ ಹಿರಿಯರು ಮೂಲತಃ ಭೌತಶಾಸ್ತ್ರದ ಮೇಷ್ಟ್ರು ಎಂಬುದನ್ನು ನಾವು ಮರೆಯುತ್ತೇವೆ. ಬೀದರ ಈ ಎರಡು ಪ್ರಯತ್ನಗಳ ನಡುವೆ ಬಿದ್ದಿತ್ತು. ಉರ್ದುವಿನ ಪದಗಳು ಬಂದವು, ಆದರೆ ಮನೆಯವಾಗಲಿಲ್ಲ. ಕನ್ನಡದ ಪದಗಳು ಹುಟ್ಟಿದವು, ಆದರೆ ಗಡಿ ದಾಟಿ ಇಲ್ಲಿಗೆ ತಲುಪಲಿಲ್ಲ.

ಆ ದಿನಗಳಲ್ಲಿ ಇಲ್ಲಿನ ಮಕ್ಕಳಿಗೆ ಮನೆಯ ಮಾತಿನಲ್ಲಿ ಅಕ್ಷರ ಕಲಿಸಿದವರಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರನ್ನು ಮೊದಲು ನೆನೆಯಬೇಕು. 1890ರಲ್ಲಿ ಕಮಲನಗರದಲ್ಲಿ ಹುಟ್ಟಿದ ಅವರು 1999ರವರೆಗೆ ನಮ್ಮ ನಡುವೆ ಇದ್ದರು. ಕಮಲನಗರ ಆಗ ಔರಾದ ತಾಲ್ಲೂಕಿಗೆ ಸೇರಿತ್ತು, ಈಚೆಗೆ ಪ್ರತ್ಯೇಕ ತಾಲ್ಲೂಕಾಗಿದೆ. ಹೊರಗೆ ಉರ್ದು ಶಾಲೆಯ ಫಲಕ, ಒಳಗೆ ಕನ್ನಡದ ಪಾಠ ಎಂಬ ಅವರ ಉಪಾಯದ ಕಥೆ ಭಾಲ್ಕಿಯಲ್ಲಿ ಎಲ್ಲರ ಬಾಯಲ್ಲಿದೆ. ಪಾಠದ ಜೊತೆಗೆ ಊಟವೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಹಳ್ಳಿಹಳ್ಳಿ ತಿರುಗಿ ಭಿಕ್ಷೆ ಎತ್ತಿ, ಬಡಮಕ್ಕಳನ್ನು ಇಟ್ಟುಕೊಂಡು ಓದಿಸಿದರು. ಮಠಾಧಿಪತಿಯ ಬಗ್ಗೆ ಕಥೋಲಿಕ ಗುರುವೊಬ್ಬ ಹೀಗೆ ಬರೆಯುವುದನ್ನು ಕಂಡು ಯಾರಾದರೂ ಹುಬ್ಬೇರಿಸಿದರೆ ಏರಿಸಲಿ. ವಿದ್ಯಾರ್ಥಿನಿಲಯ ನಡೆಸಿದವನಿಗೆ ಆ ಭಿಕ್ಷೆಯ ಬೆಲೆ ಗೊತ್ತಿರುತ್ತದೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬೈ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಿಗರಿಗೆ ಇದು ಸಂತೋಷದ ದಿನ. ಆದರೆ ವಿದ್ಯಾರ್ಥಿಯ ಪಾಲಿಗೆ ಇನ್ನೊಂದು ಸಂಗತಿಯೂ ನಡೆಯಿತು. ಹತ್ತಿರದ ವಿಶ್ವವಿದ್ಯಾಲಯವಾಗಿದ್ದ ಹೈದರಾಬಾದು ಪರರಾಜ್ಯವಾಯಿತು. ಭೌತಶಾಸ್ತ್ರದಲ್ಲಿ ಮುಂದೆ ಓದಬೇಕೆಂದವನು ತನ್ನ ರಾಜ್ಯದೊಳಗೆ ದೂರದ ಧಾರವಾಡದ ಕಡೆಗೆ ನೋಡಬೇಕಾಯಿತು. ಗುಲ್ಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ. ಬೀದರಿನಿಂದ ಅಲ್ಲಿಗೆ ನೇರ ರೈಲು ಮಾರ್ಗ ತೆರೆದದ್ದು 2017ರಲ್ಲಿ. ಬೀದರಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಈ ವರ್ಷಗಳನ್ನು ಒಂದರ ಮುಂದೊಂದು ಇಟ್ಟು ನೋಡಿದರೆ, ನಮ್ಮ ಮಕ್ಕಳು ಹಿಂದೆ ಬಿದ್ದದ್ದು ದಡ್ಡತನದಿಂದ ಎಂದು ಹೇಳಲು ಯಾರಿಗೂ ಬಾಯಿ ಬಾರದು.

ಶಾಲೆಯಲ್ಲಿ ಕನ್ನಡ ಬಂದಿತು, ನಿಜ. ಹತ್ತನೆಯ ತರಗತಿಯವರೆಗೆ ಮಗು ‘ಜಡತ್ವ’, ‘ಸಂವೇಗ’, ‘ವೇಗೋತ್ಕರ್ಷ’ ಎಂದು ಓದುತ್ತದೆ. ಎರಡು ತಿಂಗಳ ಬೇಸಿಗೆ ರಜೆ ಕಳೆದು ಪದವಿಪೂರ್ವ ಕಾಲೇಜಿಗೆ ಬಂದರೆ ಅದೇ ಸಂಗತಿಗಳು ‘ಇನರ್ಷಿಯಾ’, ‘ಮೊಮೆಂಟಮ್’, ‘ಅಕ್ಸಿಲರೇಷನ್’ ಆಗಿ ಎದುರು ನಿಲ್ಲುತ್ತವೆ. ಹಳೆಯ ಪರಿಚಿತರೇ ವೇಷ ಬದಲಿಸಿ ಬಂದಿದ್ದಾರೆಂದು ಹೇಳುವವರು ಬೇಕು. ಹೇಳದಿದ್ದರೆ ಮಗು ತಾನು ಕಲಿತದ್ದೆಲ್ಲ ಸುಳ್ಳೆಂದು ತಿಳಿಯುತ್ತದೆ. ನಮ್ಮ ಹುಡುಗನಿಗೆ ಆದದ್ದು ಅದೇ.

ಈಗ ಆ ಉಪನ್ಯಾಸಕರ ವಿಷಯಕ್ಕೆ ಬರುತ್ತೇನೆ. ಜೂನ್ ತಿಂಗಳಲ್ಲಿ ಅವರು ಪಾಠ ಆರಂಭಿಸುತ್ತಿರಲಿಲ್ಲ. ಮೊದಲ ಎರಡು ವಾರ ಪ್ರತಿಯೊಬ್ಬ ವಿದ್ಯಾರ್ಥಿಯೂ ನೂರು ಪುಟಗಳ ಒಂದು ನೋಟುಬುಕ್ಕು ತಂದು, ಪ್ರತಿ ಪುಟದಲ್ಲಿ ನಾಲ್ಕು ಕಂಬಸಾಲುಗಳನ್ನು ಎಳೆಯಬೇಕು. ಮೊದಲನೆಯದರಲ್ಲಿ ಇಂಗ್ಲಿಷಿನ ಪದ, ಎರಡನೆಯದರಲ್ಲಿ ಕನ್ನಡ, ಮೂರನೆಯದರಲ್ಲಿ ಉರ್ದು, ನಾಲ್ಕನೆಯದರಲ್ಲಿ ಮರಾಠಿ. ಉರ್ದು ಶಾಲೆಯಿಂದ ಬಂದವನು ಉರ್ದು ಪದವನ್ನೂ, ಔರಾದಿನ ಗಡಿಯ ಮರಾಠಿ ಶಾಲೆಯಿಂದ ಬಂದವಳು ಮರಾಠಿ ಪದವನ್ನೂ ಎದ್ದು ನಿಂತು ತರಗತಿಗೆ ಹೇಳಿಕೊಡಬೇಕು. ಅಷ್ಟುದಿನ ತಮ್ಮ ಶಾಲೆಯ ಹೆಸರು ಹೇಳಲು ನಾಚುತ್ತಿದ್ದ ಮಕ್ಕಳು ಈ ಎರಡು ವಾರ ಉಪಾಧ್ಯಾಯರಾಗುತ್ತಿದ್ದರು. ನಮ್ಮ ಹುಡುಗ ಜ್ವರದಿಂದ ಮಲಗಿ ಆ ಎರಡು ವಾರಗಳನ್ನು ತಪ್ಪಿಸಿಕೊಂಡಿದ್ದನಂತೆ. ಅದನ್ನು ಅವರು ನನಗೆ ಹೇಳುವವರೆಗೆ, ಅವನನ್ನು ನೋಡಿಕೊಳ್ಳಬೇಕಾದ ನಾನು ಗಮನಿಸಿರಲಿಲ್ಲ.

ಅವರ ಹಳೆಯ ವಿದ್ಯಾರ್ಥಿಗಳನ್ನು ನಾನು ಮುಂದೆ ಭಾಲ್ಕಿಯಲ್ಲಿಯೂ ಔರಾದಿನಲ್ಲಿಯೂ ಕಂಡಿದ್ದೇನೆ. ಎಲ್ಲರೂ ಎರಡು ಸಂಗತಿಗಳನ್ನು ಹೇಳುತ್ತಾರೆ. ಒಂದು, ಹಾಳುಬಾವಿಯ ಪಾಠ. ಬಾವಿಗೆ ಕಲ್ಲು ಬಿಟ್ಟು, ಸದ್ದು ಬರುವವರೆಗೆ ಎಣಿಸಬೇಕು. ಒಂದು ಸೆಕೆಂಡು ಹಿಡಿದರೆ ಆಳ ಸುಮಾರು 5 ಮೀಟರು. ಎರಡು ಸೆಕೆಂಡು ಹಿಡಿದರೆ ಹತ್ತಲ್ಲ, ಸುಮಾರು 20. ಏಕೆ ಎಂದು ಕೇಳಿ, ಉತ್ತರ ಹೇಳದೆ ಮನೆಗೆ ಕಳುಹಿಸುತ್ತಿದ್ದರಂತೆ. “ಆ ರಾತ್ರಿ ನಿದ್ದೆ ಬರಲಿಲ್ಲ” ಎಂದು ಈಗ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಒಬ್ಬಾಕೆ ನಗುತ್ತ ಹೇಳಿದಳು.

ಇನ್ನೊಂದು, ನೌಬಾದಿನ ಸುರಂಗ ಬಾವಿ. ಬೀದರಿನ ಹೊರವಲಯದಲ್ಲಿರುವ ಈ ಕಾರೇಜ್ ಬಹಮನಿ ಕಾಲದ್ದು, ಪರ್ಶಿಯಾದ ವಿದ್ಯೆ. ಜಂಬಿಟ್ಟಿಗೆ ಕಲ್ಲಿನ ನೆಲದಡಿ ಮೂರು ಕಿಲೋಮೀಟರಿಗೂ ಉದ್ದದ ಕಾಲುವೆ ಸಾಗುತ್ತದೆ. ಮೇಲಿನಿಂದ ಗಾಳಿ ಬೆಳಕಿಗಾಗಿ ನೇರ ಕೂಪಗಳನ್ನು ಕೊರೆದಿದ್ದಾರೆ, ಇಪ್ಪತ್ತೊಂದು ಗುರುತಿಸಲ್ಪಟ್ಟಿವೆ. ಯಂತ್ರವಿಲ್ಲ, ಎತ್ತುಗಳಿಲ್ಲ. ಇಳಿಜಾರು ಹೆಚ್ಚಾದರೆ ನೀರು ಕಾಲುವೆಯನ್ನು ಕೊರೆದು ಹಾಳುಮಾಡುತ್ತದೆ, ಕಡಿಮೆಯಾದರೆ ನೀರು ನಿಲ್ಲುತ್ತದೆ. ಆ ಹದವನ್ನು ಐದಾರು ನೂರು ವರ್ಷಗಳ ಹಿಂದೆ ಕತ್ತಲೆಯಲ್ಲಿ ಅಗೆದವರು ಕಂಡುಕೊಂಡಿದ್ದರು. ಕಾರೇಜು ಹೂಳು ತುಂಬಿ ಯಾರ ಗಮನಕ್ಕೂ ಬಾರದಿದ್ದ ದಿನಗಳಲ್ಲಿಯೇ ಈ ಗುರುಗಳು ಮಕ್ಕಳನ್ನು ಸೈಕಲ್ಲಿನ ಮೇಲೆ ಅಲ್ಲಿಗೆ ಕರೆದೊಯ್ದು, ಗುರುತ್ವಾಕರ್ಷಣೆ ಇಂಗ್ಲೆಂಡಿನ ಸೇಬಿನ ಗಿಡದಲ್ಲಿ ಮಾತ್ರ ಇಲ್ಲ ಎಂದು ತೋರಿಸುತ್ತಿದ್ದರು.

ಅವರ ಮೇಜಿನ ಮೇಲೆ ನಾನು ಕಂಡ ಪುಸ್ತಕ ಡಾ. ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’. ಓದಿರಿ ಎಂದು ನನ್ನ ಕೈಗಿಟ್ಟರು. ನಮ್ಮ ಮಕ್ಕಳಲ್ಲಿ ಈ ಹೆಸರು ಗೊತ್ತಿಲ್ಲದವರು ಇರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಗೌರಿಬಿದನೂರಿನ ಹೊಸೂರಿನಲ್ಲಿ 1920ರಲ್ಲಿ ಬಡಕುಟುಂಬವೊಂದರಲ್ಲಿ ಹುಟ್ಟಿದವರು. ತಾಯಿ ಕೂಲಿ ಮಾಡುತ್ತಿದ್ದರು. ಹಳ್ಳಿಯ ಶಾಲೆ ಮುಗಿದ ಮೇಲೆ ಓದು ಅಲ್ಲಿಗೇ ನಿಲ್ಲಬೇಕಾಗಿತ್ತು. ಗೌರಿಬಿದನೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಎಂ. ಎಸ್. ನಾರಾಯಣರಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋದಾಗ ಈ ಹುಡುಗನನ್ನು ಮರೆಯಲಿಲ್ಲ, ಅಲ್ಲಿಗೆ ಬರಹೇಳಿದರು. ಬಸ್ಸಿಗೆ ಹಣವಿಲ್ಲದೆ 1935ರಲ್ಲಿ ಹುಡುಗ ಗೌರಿಬಿದನೂರಿನಿಂದ ಬೆಂಗಳೂರಿಗೆ ನಡೆದೇ ಹೋದ. ಬಡ ಹುಡುಗರ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ. 1942ರಲ್ಲಿ ಸೆಂಟ್ರಲ್ ಕಾಲೇಜಿನ ಓದನ್ನು ಬಿಟ್ಟು ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಸೆರೆಮನೆ ಕಂಡ. 1946ರಲ್ಲಿ ಎಂ.ಎಸ್‌ಸಿ. ಮುಗಿಸಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕನಾದ.

ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು ಅಲ್ಲಿಯೇ ಉಳಿಯಬಹುದಾಗಿತ್ತು. ಹಿಂದಿರುಗಿ ಬಂದು ಅದೇ ಕಾಲೇಜಿನ ಪ್ರಾಂಶುಪಾಲರಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ ಕಟ್ಟಿದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಈ ಪದವಿಗಳು ಅಷ್ಟು ಮುಖ್ಯವಲ್ಲ. ಮುಖ್ಯವಾದದ್ದು ಅವರ ವಾಸಸ್ಥಳ. ಮದುವೆಯಾಗದೆ, ಖಾದಿ ಉಟ್ಟು, ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ದಶಕಗಳ ಕಾಲ ಹುಡುಗರೊಡನೆಯೇ ಬಾಳಿದರು. ಕುಲಪತಿಗಳಾದಾಗಲೂ ಆ ಕೋಣೆಯನ್ನು ಬಿಡಲಿಲ್ಲ. 2005ರ ಜನವರಿ 31ರಂದು ತೀರಿಕೊಂಡರು.

ಅವರು ದೇವರನ್ನು ನಂಬಿದವರಲ್ಲ. ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ದೇಶದಾದ್ಯಂತ ಚರ್ಚೆ ಎಬ್ಬಿಸಿದವರು. ದೇವರ ವಿಷಯದಲ್ಲಿ ಅವರ ದಾರಿ ಬೇರೆ, ನನ್ನ ದಾರಿ ಬೇರೆ. ಆದರೂ ಆ ಪುಸ್ತಕ ಓದಿದ ರಾತ್ರಿ ನನ್ನ ಮನಸ್ಸನ್ನು ಚುಚ್ಚಿದ್ದು ಆ ಕೋಣೆ. ಅವರು ವಿದ್ಯಾರ್ಥಿನಿಲಯದಲ್ಲಿ ಬಾಳಿದರು. ನಾನೂ ವಿದ್ಯಾರ್ಥಿನಿಲಯದಲ್ಲಿಯೇ ಇದ್ದೆ. ಆದರೆ ಹುಡುಗನ ಜ್ವರ ನನಗೆ ಗೊತ್ತಿರಲಿಲ್ಲ.

ಆ ಸಂಜೆ ಉಪನ್ಯಾಸಕರು ಅರ್ಜಿಯನ್ನು ಹರಿಯಲಿಲ್ಲ. ಮಡಚಿ ನನಗೇ ಹಿಂದಿರುಗಿಸಿ, “ಭಾನುವಾರ ನಿಮಗೆ ಪೂಜೆ ಇರುತ್ತದೆ. ಸೋಮವಾರ ಹೋಗಿ ಬರೋಣವೇ?” ಎಂದರು. ಸೋಮವಾರ ಮುಂಜಾನೆ ಔರಾದಿನ ಬಸ್ಸು ಹಿಡಿದೆವು. ಸುಮಾರು 40 ಕಿಲೋಮೀಟರು. ಅಲ್ಲಿಂದ ತಾಂಡಾಕ್ಕೆ ನಡಿಗೆ. ಹುಡುಗನ ತಂದೆ ತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಮತ್ತು ಇಬ್ಬರು ತಂಗಿಯರು. ನಮ್ಮನ್ನು ಕಂಡು ಹುಡುಗ ಹಿತ್ತಲಿಗೆ ಓಡಿದ. ಉಪನ್ಯಾಸಕರು ಅವನನ್ನು ಕರೆಯಲಿಲ್ಲ. ಅಜ್ಜಿ ಕೊಟ್ಟ ಚಹಾ ಕುಡಿಯುತ್ತ, ಚೀಲದಿಂದ ಹೊಸ ನೋಟುಬುಕ್ಕೊಂದನ್ನು ತೆಗೆದು, ಸ್ಕೇಲು ಇಟ್ಟು ಕಂಬಸಾಲು ಎಳೆಯತೊಡಗಿದರು. ಸ್ವಲ್ಪ ಹೊತ್ತಿಗೆ ಹುಡುಗ ಬಾಗಿಲಲ್ಲಿ ನಿಂತ. ಆಮೇಲೆ ಬಂದು ಕುಳಿತ.

ಅವನು ನಮ್ಮೊಡನೆ ಆ ದಿನವೇ ಬರಲಿಲ್ಲ. ಮೂರು ದಿನ ಬಿಟ್ಟು ತಾನಾಗಿಯೇ ಬಂದ. ವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಉತ್ತಮ ಅಂಕ ಪಡೆದನೆಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ, ಕಷ್ಟಪಟ್ಟು ಪಾಸಾದ. ಎರಡನೆಯ ವರ್ಷ ಮತ್ತೆ ಎಡವಿ, ಪೂರಕ ಪರೀಕ್ಷೆಯಲ್ಲಿ ದಾಟಿದ. ಇಂದು ವಿದ್ಯುತ್ ವಿತರಣೆಯ ಕೆಲಸದಲ್ಲಿದ್ದಾನೆ. ಅವನ ತಂಗಿ ವಿಜ್ಞಾನ ಪದವೀಧರೆ.

ಈಚಿನ ವರ್ಷಗಳಲ್ಲಿ ಬೀದರ ಬಹಳ ಬದಲಾಗಿದೆ. ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆಂದು ಹೊರರಾಜ್ಯಗಳ ಮಕ್ಕಳೂ ಇಲ್ಲಿಗೆ ಬರುತ್ತಾರೆ. 2013ರಿಂದ 371-ಜೆ ವಿಧಿಯ ಮೀಸಲಾತಿ ನಮ್ಮ ಮಕ್ಕಳಿಗೆ ಬಾಗಿಲು ತೆರೆದಿದೆ. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ. ಇವೆಲ್ಲ ಒಳ್ಳೆಯವೇ. ಆದರೂ ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದಾಗ, ತರಗತಿಯಿಂದ ಹೊರಬರುವ ಮುಖಗಳಲ್ಲಿ ನಾನು ಇಂದಿಗೂ ಆ ಹುಡುಗನನ್ನು ಕಾಣುತ್ತೇನೆ. ಅಂಥ ಮುಖ ನಿಮ್ಮ ಮನೆಯಲ್ಲಿಯೂ ಇರಬಹುದು. ಅರ್ಜಿಗೆ ಸಹಿ ಹಾಕುವ ಮೊದಲು ಒಂದು ವಾರ ತಡೆಯಿರಿ ಎಂದಷ್ಟೇ ನಾನು ತಂದೆತಾಯಂದಿರಿಗೆ ಹೇಳಬಲ್ಲೆ.

ಎರಡು ವರ್ಷಗಳ ಹಿಂದೆ ಔರಾದಿನಲ್ಲಿ ಅವನ ಮನೆಗೆ ಹೋಗಿದ್ದಾಗ ಆ ನೋಟುಬುಕ್ಕನ್ನು ತೆಗೆದು ತೋರಿಸಿದ. ಅಂಚುಗಳನ್ನು ಇಲಿ ಕಡಿದಿತ್ತು. ಉಪನ್ಯಾಸಕರು ಎಳೆದ ನಾಲ್ಕು ಕಂಬಸಾಲುಗಳ ಪಕ್ಕದಲ್ಲಿ, ಸ್ಕೇಲು ಇಲ್ಲದೆ ಕೈಯಿಂದಲೇ ಎಳೆದ ಐದನೆಯದೊಂದು ಇತ್ತು. ಲಂಬಾಣಿಯದು ಎಂದ. ಎತ್ತಿನ ಬಂಡಿ ತಟ್ಟನೆ ಹೊರಟಾಗ ಕುಳಿತವರು ಹಿಂದಕ್ಕೆ ವಾಲುವುದಕ್ಕೆ ನಾವೇನು ಅನ್ನುತ್ತೇವೆ ಎಂದು ಅಜ್ಜಿಯನ್ನು ಕೇಳಿ ಕೇಳಿ ಬರೆದುಕೊಂಡಿದ್ದನಂತೆ. ಎಲ್ಲ ಪುಟಗಳಲ್ಲಿಯೂ ಇರಲಿಲ್ಲ. ಮೊದಲ ಹದಿನೈದು ಇಪ್ಪತ್ತು ಪದಗಳವರೆಗೆ ಪೆನ್ಸಿಲಿನಲ್ಲಿ ತುಂಬಿತ್ತು. ಮುಂದೆ ಖಾಲಿ ಇತ್ತು. ಆ ವರ್ಷ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು ಎಂದ.